ಮಳೆಗಾಲದ ಉಗ್ರಾಣ: ಅಕ್ಕಿಯೋ, ಅವಲಕ್ಕಿಯೋ, ರೊಟ್ಟಿಯೋ, ಪೊಟ್ಟಣವೋ?

2019ರ ಆಗಸ್ಟ್ ತಿಂಗಳು. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಅರ್ಧ ಕ್ವಿಂಟಲ್ ಅಕ್ಕಿ ಇತ್ತು, ಹದಿನೈದು ಕಿಲೋ ರಾಗಿ ಇತ್ತು, ಉದ್ದು, ಹೆಸರು, ಕಡಲೆ ಎಲ್ಲವೂ ಇದ್ದವು. ಹೊಳೆ ಉಕ್ಕಿ, ರಸ್ತೆಗೆ ಮರ ಉರುಳಿ, ಕರೆಂಟು ಹೋಗಿ ಮೂರು ದಿನ ಕಳೆಯುವಷ್ಟರಲ್ಲಿ ಬೆಳಗಿನ ತಿಂಡಿಗೆ ಏನು ಮಾಡುವುದೆಂದು ತೋಚದೆ ನಿಂತಿದ್ದೆ. ರಾಗಿ ಬೀಸಿಸೋಣವೆಂದರೆ ಮಿಲ್ಲಿಗೂ ಕರೆಂಟಿಲ್ಲ. ದೋಸೆಗೆ ನೆನೆಹಾಕೋಣವೆಂದರೆ ಮಿಕ್ಸಿ ತಿರುಗುವುದಿಲ್ಲ. ಒರಳುಕಲ್ಲು ಅಂಗಳದ ಮೂಲೆ ಸೇರಿ ಎಷ್ಟೋ ವರ್ಷವಾಗಿತ್ತು. ಅದರ ಗುಂಡು ಎಲ್ಲಿದೆಯೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೋಧಿ ಹಿಟ್ಟಿನ ಡಬ್ಬದ ಮುಚ್ಚಳ ತೆರೆದರೆ ಕಮಟು ವಾಸನೆ. ಕೊನೆಗೆ ಅತ್ತೆ ಅಟ್ಟದಿಂದ ಅವಲಕ್ಕಿಯ ಡಬ್ಬ ಇಳಿಸಿಕೊಟ್ಟು, "ಮಳೆಗಾಲಕ್ಕೆ ಕಾಳು ತುಂಬಿಟ್ಟರೆ ಸಾಲದು ಮಾರಾಯ್ತಿ, ಬಾಯಿಗೆ ಹಾಕುವಂಥದ್ದೂ ಇರಬೇಕು" ಎಂದರು.

ಅಂದಿನಿಂದ ಪ್ರತಿ ವರ್ಷ ಮೇ ತಿಂಗಳಲ್ಲಿ ಉಗ್ರಾಣ ತುಂಬುವಾಗ ಆ ಮಾತನ್ನು ಮುಂದಿಟ್ಟುಕೊಂಡೇ ಯೋಚಿಸುತ್ತೇನೆ. ಸಾಮಾನ್ಯವಾಗಿ ನಾವು "ಇದು ಎಷ್ಟು ತಿಂಗಳು ಕೆಡದೆ ಉಳಿಯುತ್ತದೆ" ಎಂದು ಮಾತ್ರ ಕೇಳಿಕೊಳ್ಳುತ್ತೇವೆ. ನನ್ನ ಅನುಭವದಲ್ಲಿ ಅದು ಎರಡನೆಯ ಪ್ರಶ್ನೆ. ಇದನ್ನು ತಿನ್ನುವ ಸ್ಥಿತಿಗೆ ತರಲು ಎಷ್ಟು ಬೆಂಕಿ ಬೇಕು, ಎಷ್ಟು ನೀರು ಬೇಕು, ಕರೆಂಟು ಬೇಕೇ ಎಂಬುದು ಮೊದಲನೆಯದು.

ಸಂಕಟ ಎಲ್ಲ ಮನೆಗೂ ಒಂದೇ ರೂಪದಲ್ಲಿ ಬರುವುದಿಲ್ಲ. ನಮ್ಮಲ್ಲಿ ರಸ್ತೆ ಕಡಿದುಹೋಗುತ್ತದೆ. ಸೌದೆ ಇದೆ, ಬಾವಿ ಇದೆ, ಮನೆ ಗಟ್ಟಿಯಾಗಿದೆ, ಆದರೆ ವಾರಗಟ್ಟಲೆ ಪೇಟೆಯಿಲ್ಲ, ಕರೆಂಟಿಲ್ಲ. ನನ್ನ ತಂಗಿ ಇರುವುದು ಬೆಂಗಳೂರಿನ ಬೆಳ್ಳಂದೂರು ಕಡೆಯ ಅಪಾರ್ಟ್‌ಮೆಂಟಿನ ಏಳನೆಯ ಮಹಡಿಯಲ್ಲಿ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಯಲ್ಲಿ ನೆಲಮಾಳಿಗೆಗೆ ನೀರು ನುಗ್ಗಿ ಪಂಪು, ಜನರೇಟರು ಎರಡೂ ಮುಳುಗಿದವು. ಲಿಫ್ಟ್ ನಿಂತಿತು, ನಲ್ಲಿ ಒಣಗಿತು. ಅದೇ ಹೊತ್ತಿಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರಕ್ಕೂ ನೀರು ನುಗ್ಗಿ ನಗರಕ್ಕೆ ಕಾವೇರಿ ಬರುವುದೇ ವ್ಯತ್ಯಯವಾಗಿತ್ತು. ಸುತ್ತಲೂ ನೀರು, ಕುಡಿಯಲು ನೀರಿಲ್ಲ. ಮೂರನೆಯದು ಬಾಗಲಕೋಟೆ ಜಿಲ್ಲೆಯ ನನ್ನ ಗೆಳತಿಯ ಮನೆ, ಮಲಪ್ರಭೆಯ ದಂಡೆ. 2019ರಲ್ಲಿ ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೂ ಹೊಳೆ ಬಂದ ಆ ವಾರ ಅವರು ರಾತ್ರೋರಾತ್ರಿ ಮನೆ ಬಿಟ್ಟು ಎತ್ತರದ ಶಾಲೆಗೆ ಹೋಗಬೇಕಾಯಿತು. ಅವರಿಗೆ ಉಗ್ರಾಣವೇ ಇಲ್ಲ. ಕೈಯಲ್ಲಿ ಹಿಡಿದಷ್ಟೇ ಆಹಾರ.

ಮುಂದಿನ ಹೋಲಿಕೆಯನ್ನು ಈ ಮೂರು ಮನೆಗಳನ್ನು ನೆನಪಿನಲ್ಲಿಟ್ಟುಕೊಂಡು ಓದಿ. ನಿಮ್ಮದು ಯಾವುದಕ್ಕೆ ಹತ್ತಿರವೋ ಅದರಂತೆ ಆರಿಸಿಕೊಳ್ಳಬಹುದು.

ಎಷ್ಟು ಬೇಕು

ವಿಪತ್ತಿನ ಪರಿಹಾರ ಕೆಲಸದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ ಸರಾಸರಿ 2,100 ಕ್ಯಾಲೊರಿ ಎಂದು ಲೆಕ್ಕ ಹಿಡಿಯುತ್ತಾರೆ. ಅದನ್ನು ನಮ್ಮ ಅಡುಗೆಮನೆಯ ಭಾಷೆಗೆ ತಂದರೆ ಒಬ್ಬರಿಗೆ ದಿನಕ್ಕೆ 300 ಗ್ರಾಂ ಅಕ್ಕಿ, 75 ಗ್ರಾಂ ಬೇಳೆ, 50 ಗ್ರಾಂ ಕಡಲೆಕಾಯಿ ಬೀಜ, 50 ಗ್ರಾಂ ಬೆಲ್ಲ, 30 ಗ್ರಾಂ ಎಣ್ಣೆ. ಇಷ್ಟರಿಂದ ಹೆಚ್ಚುಕಡಿಮೆ 2,050 ಕ್ಯಾಲೊರಿ ಬರುತ್ತದೆ. ನಾಲ್ಕು ಜನರ ಮನೆಗೆ ಹದಿನಾಲ್ಕು ದಿನಕ್ಕೆ ಗುಣಿಸಿದರೆ 17 ಕಿಲೋ ಅಕ್ಕಿ, ನಾಲ್ಕು ಕಿಲೋಗಿಂತ ಸ್ವಲ್ಪ ಹೆಚ್ಚು ಬೇಳೆ, ತಲಾ ಮೂರು ಕಿಲೋ ಬೀಜ ಮತ್ತು ಬೆಲ್ಲ, ಎರಡು ಲೀಟರ್ ಎಣ್ಣೆ. ಇದರ ಮೇಲೆ ಉಪ್ಪು, ಹುಣಸೆ, ಮೆಣಸಿನಪುಡಿ. ನೋಡಿದರೆ ಇದು ಭಯಪಡುವಷ್ಟು ದೊಡ್ಡ ರಾಶಿಯೇನಲ್ಲ. ಒಂದು ಕಪಾಟಿನ ಕೆಳಗಿನ ಎರಡು ಅರೆಗಳಿಗೆ ಹಿಡಿಸುತ್ತದೆ.

ಬೀಜ ಮತ್ತು ಎಣ್ಣೆಯನ್ನು ಈ ಪಟ್ಟಿಯಿಂದ ಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ. ಅಕ್ಕಿಯೊಂದನ್ನೇ ತುಂಬುವವರು ಹೆಚ್ಚು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದ್ದರೆ ಅಷ್ಟೇ ತೂಕದ ಕಡಲೆಕಾಯಿ ಬೀಜದಲ್ಲಿ 560ಕ್ಕೂ ಹೆಚ್ಚು, ಎಣ್ಣೆಯಲ್ಲಿ 900. ಬೀಜವನ್ನು ಬೇಯಿಸಲೇಬೇಕೆಂದೂ ಇಲ್ಲ.

ಅಕ್ಕಿ, ಕುಚ್ಚಲಕ್ಕಿ, ರಾಗಿ

ಮೂರರಲ್ಲಿ ಯಾವುದನ್ನು ತುಂಬುವುದು ಎಂದು ಕೇಳಿದರೆ ಹಳೆಯ ಕಾಲದವರು ರಾಗಿ ಎನ್ನುತ್ತಾರೆ. ಬಯಲುಸೀಮೆಯಲ್ಲಿ ನೆಲದಡಿಯ ಹಗೇವುಗಳಲ್ಲಿ ರಾಗಿಯನ್ನು ವರ್ಷಗಟ್ಟಲೆ ಇಟ್ಟು ಬರಗಾಲ ದಾಟಿದವರು ಅವರು. ರಾಗಿಯ ಕಾಳು ಸಣ್ಣದು, ಸಿಪ್ಪೆ ಒಗರು. ಹುಳ ಅದನ್ನು ಸುಲಭವಾಗಿ ಮುಟ್ಟುವುದಿಲ್ಲ. ಉಳಿಯುವ ಶಕ್ತಿಯಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅಂದಿನ ಮನೆಗಳಲ್ಲಿ ಬೀಸುವ ಕಲ್ಲು ಇತ್ತು. ಇಂದು ನಮ್ಮ ಮನೆಯಲ್ಲಿ ರಾಗಿ ಕಾಳಾಗಿರುವವರೆಗೆ ಅದು ಆಹಾರವಲ್ಲ; ಹಿಟ್ಟಾದ ಮೇಲೆ ಎರಡು ಮೂರು ತಿಂಗಳಲ್ಲಿ ಅದರ ಬಾಳು ಮುಗಿಯುತ್ತದೆ. ಬೀಸುವ ಕಲ್ಲು ಇದ್ದು, ತಿರುಗಿಸುವ ಕೈಗಳೂ ಇದ್ದರೆ ರಾಗಿ ತುಂಬಿ. ಇಲ್ಲದಿದ್ದರೆ ಐದು ಕಿಲೋದಷ್ಟನ್ನು ಮೇ ಕೊನೆಯಲ್ಲಿ ಹಿಟ್ಟು ಮಾಡಿಸಿ, ಆಗಸ್ಟ್ ಹೊತ್ತಿಗೆ ಮುಗಿಸಿ. ಗೋಧಿ, ಜೋಳಕ್ಕೂ ಇದೇ ಮಾತು. ಗೋಧಿ ಹಿಟ್ಟಂತೂ ನಮ್ಮ ಕಡೆಯ ಜುಲೈ ತಿಂಗಳ ಹವೆಯಲ್ಲಿ ಬೇಗನೆ ಕಮಟುತ್ತದೆ.

ಬೆಳ್ತಿಗೆ ಅಕ್ಕಿ, ಅಂದರೆ ಪಾಲಿಶ್ ಮಾಡಿದ ಬಿಳಿ ಅಕ್ಕಿ, ಒಣಗಿದ್ದರೆ ಒಂದು ವರ್ಷಕ್ಕಿಂತ ಹೆಚ್ಚು ಉಳಿಯುತ್ತದೆ, ಬೇಗ ಬೇಯುತ್ತದೆ, ಬೀಸುವ ಗೊಡವೆಯಿಲ್ಲ. ಆರೋಗ್ಯಕ್ಕೆ ಒಳ್ಳೆಯದೆಂದು ಪಾಲಿಶ್ ಮಾಡದ ಅಕ್ಕಿಯನ್ನು ತುಂಬಿಡುವವರು ಒಂದು ವಿಷಯ ತಿಳಿದಿರಬೇಕು: ತೌಡಿನಲ್ಲಿ ಎಣ್ಣೆಯ ಅಂಶವಿರುವುದರಿಂದ ಅದು ಕೆಲವೇ ತಿಂಗಳಲ್ಲಿ ಕಮಟುತ್ತದೆ. ದಿನನಿತ್ಯದ ಊಟಕ್ಕೆ ಅದು ಇರಲಿ, ಆಪತ್ಕಾಲದ ಡಬ್ಬಕ್ಕೆ ಬೇಡ.

ಕುಚ್ಚಲಕ್ಕಿಯ ಬಗ್ಗೆ ನನಗೆ ವಿಶೇಷ ಅಕ್ಕರೆ. ತವರು ಮನೆ ಘಟ್ಟದ ಕೆಳಗಿನದು. ಭತ್ತದ ಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿ ಮುಡಿಗಳನ್ನು ನೋಡುತ್ತ ಬೆಳೆದವಳು ನಾನು. ಭತ್ತವನ್ನೇ ಬೇಯಿಸಿ ಒಣಗಿಸಿದ ಅಕ್ಕಿಯಾದ್ದರಿಂದ ಕಾಳು ಗಟ್ಟಿ, ಹುಳದ ಕಾಟ ಕಡಿಮೆ, ಗಂಜಿ ಮಾಡಿದರೆ ತಿಳಿಯೂ ಆಹಾರವೇ. ಹೊಟ್ಟೆ ಕೆಟ್ಟವರಿಗೆ, ಜ್ವರದವರಿಗೆ, ಹಲ್ಲಿಲ್ಲದ ಹಿರಿಯರಿಗೆ ಅದಕ್ಕಿಂತ ಹಿತವಾದದ್ದು ಬೇರೆ ಇಲ್ಲ. ಕೊರತೆ ಒಂದೇ, ಅದು ಬೆಂಕಿ ತಿನ್ನುತ್ತದೆ. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆಯಾದರೂ ಬೇಕು. ಸೌದೆ ಒಲೆಯಿರುವ ನಮ್ಮಂಥ ಮನೆಗೆ ಕುಚ್ಚಲಕ್ಕಿ, ಒಂದೇ ಸಿಲಿಂಡರನ್ನು ನಂಬಿದ ತಂಗಿಯ ಮನೆಗೆ ಬೆಳ್ತಿಗೆ ಎಂದು ನಾನು ತೀರ್ಮಾನಿಸಿದ್ದೇನೆ.

ಬೆಂಕಿ ಉಳಿಸುವ ಒಂದು ಹಳೆಯ ಉಪಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಕ್ಕಿಗೆ ನೀರು ಹಾಕಿ ಚೆನ್ನಾಗಿ ಕುದಿ ಬಂದು ಹತ್ತು ನಿಮಿಷವಾದ ಮೇಲೆ ಪಾತ್ರೆಯ ಮುಚ್ಚಳ ಬಿಗಿದು, ಒಲೆಯಿಂದ ಇಳಿಸಿ, ಒಣ ಹುಲ್ಲು ಒತ್ತಿ ತುಂಬಿದ ಬುಟ್ಟಿಯ ನಡುವೆ ಇಟ್ಟು, ಮೇಲೂ ಹುಲ್ಲು ಮುಚ್ಚಿ. ಹುಲ್ಲಿಲ್ಲದಿದ್ದರೆ ಎರಡು ಕಂಬಳಿ ಸುತ್ತಿದರೂ ಸಾಕು. ಒಂದು ಗಂಟೆಯಲ್ಲಿ ಬೆಳ್ತಿಗೆ ಅನ್ನ ತಾನೇ ಆಗಿರುತ್ತದೆ. ಕುಚ್ಚಲಕ್ಕಿಗೆ ನಡುವೆ ಇನ್ನೊಮ್ಮೆ ಕುದಿಸಬೇಕಾಗುತ್ತದೆ. ಬಿಸಿ ಇರುವಾಗಲೇ ಉಣ್ಣಿ. ತಣಿದ ಮೇಲೆ ಬುಟ್ಟಿಯಲ್ಲಿ ಬಿಡಬೇಡಿ.

ತೊಗರಿಯೋ ಹೆಸರೋ

ತೊಗರಿ ಬೇಳೆಗೆ ಕುಕ್ಕರ್ ಬೇಕು, ಇಲ್ಲವೆಂದರೆ ತುಂಬ ಹೊತ್ತು ಬೇಕು. ಹೆಸರು ಬೇಳೆ ತೆರೆದ ಪಾತ್ರೆಯಲ್ಲೂ ಇಪ್ಪತ್ತು ನಿಮಿಷಕ್ಕೆ ಕರಗುತ್ತದೆ. ಅದಕ್ಕಿಂತ ದೊಡ್ಡ ಗುಣವೆಂದರೆ ಹೆಸರು ಬೇಳೆಗೆ ಬೆಂಕಿಯೇ ಬೇಕಾಗಿಲ್ಲ. ರಾಮನವಮಿಯ ದಿನ ನಾವು ಹಂಚುವುದನ್ನು ನೆನಪಿಸಿಕೊಳ್ಳಿ: ಕೋಸಂಬರಿ, ಪಾನಕ, ನೀರುಮಜ್ಜಿಗೆ. ಮೂರರಲ್ಲಿ ಒಂದಕ್ಕೂ ಒಲೆ ಹಚ್ಚುವುದಿಲ್ಲ. ಒಂದು ಗಂಟೆ ನೆನೆದ ಹೆಸರು ಬೇಳೆ, ಉಪ್ಪು, ನಿಂಬೆ, ಸಿಕ್ಕಿದರೆ ತೆಂಗಿನತುರಿ. ಬೆಲ್ಲ ಕದಡಿದ ನೀರಿಗೆ ಚಿಟಿಕೆ ಏಲಕ್ಕಿ, ಶುಂಠಿ. ಬೆಂಕಿಯಿಲ್ಲದ ದಿನಕ್ಕೆ ಇದು ಪೂರ್ತಿ ಹೊಂದುವ ಊಟ. ಇಡೀ ಹೆಸರು ಕಾಳಾದರೆ ಎರಡು ದಿನಕ್ಕೆ ಮೊಳಕೆ ಬರುತ್ತದೆ. ತರಕಾರಿ ಕಾಣದ ವಾರದಲ್ಲಿ ಸಿ ಜೀವಸತ್ವಕ್ಕೆ ಅದೇ ದಾರಿ. ಒಂದೇ ಎಚ್ಚರಿಕೆ: ಬೇಯಿಸದೆ ತಿನ್ನುವ ಯಾವುದನ್ನೂ ಕುದಿಸಿ ಆರಿಸಿದ ಅಥವಾ ಶುದ್ಧವೆಂದು ಖಚಿತವಾದ ನೀರಿನಲ್ಲಿಯೇ ತೊಳೆದು ನೆನೆಸಬೇಕು. ನೆರೆಯ ನಂತರದ ಬಾವಿ ನೀರಿನಲ್ಲಿ ನೆನೆಸಿದ ಕೋಸಂಬರಿ ಔಷಧವಲ್ಲ, ರೋಗ.

ಹಾಗಾಗಿ ನಮ್ಮ ಮನೆಯ ನಾಲ್ಕು ಕಿಲೋದಲ್ಲಿ ಮೂರು ಕಿಲೋ ಹೆಸರಿನದೇ. ಕಡಲೆ, ಅಲಸಂದೆಯಂಥ ಗಟ್ಟಿ ಕಾಳುಗಳು ಹಳೆಯದಾದಷ್ಟೂ ಬೇಯುವುದು ನಿಧಾನ; ಅವುಗಳನ್ನು ವರ್ಷಗಟ್ಟಲೆ ಕೂಡಿಡುವುದರಲ್ಲಿ ಅರ್ಥವಿಲ್ಲ. ಹುರಿಗಡಲೆಯನ್ನು ಮಾತ್ರ ಎರಡು ಕಿಲೋ ಇಟ್ಟಿರುತ್ತೇನೆ, ಅದನ್ನು ಹಿಡಿ ತುಂಬ ತಿಂದು ನೀರು ಕುಡಿಯಬಹುದು.

ಬೆಂಕಿ ಬೇಡದ ನಾಲ್ಕು: ಅವಲಕ್ಕಿ, ಹುರಿಹಿಟ್ಟು, ಮಂಡಕ್ಕಿ, ಖಡಕ್ ರೊಟ್ಟಿ

ಇಲ್ಲಿಯೇ ಆಯ್ಕೆ ಕಠಿಣವಾಗುವುದು.

ಮಂಡಕ್ಕಿಯನ್ನು ಮೊದಲೇ ಬದಿಗಿಡುತ್ತೇನೆ. ಜಾಗ ತುಂಬುತ್ತದೆ, ಹೊಟ್ಟೆ ತುಂಬುವುದಿಲ್ಲ, ಡಬ್ಬ ತೆರೆದ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ.

ಅವಲಕ್ಕಿಯಲ್ಲಿ ತೆಳು ಮತ್ತು ಗಟ್ಟಿ ಎಂದು ಎರಡು ತರಹ ನೋಡಬೇಕು. ತೆಳು ಅವಲಕ್ಕಿಗೆ ನೀರು ಚಿಮುಕಿಸಿದರೆ ಸಾಕು. ತೆಂಗಿನತುರಿ, ಬೆಲ್ಲ ಸೇರಿಸಿ ಹಾಗೆಯೇ ಕಲಸಬಹುದು. ಗಟ್ಟಿ ಅವಲಕ್ಕಿಯನ್ನು ತೊಳೆದು ನೆನೆಸಬೇಕು, ಅದಕ್ಕೆ ಶುದ್ಧ ನೀರು ಖರ್ಚಾಗುತ್ತದೆ, ಆದರೆ ತಿಂದರೆ ಮಧ್ಯಾಹ್ನದವರೆಗೆ ಹಸಿವಾಗುವುದಿಲ್ಲ. ಇದಕ್ಕೊಂದು ಮೂರನೆಯ ದಾರಿಯಿದೆ, ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿಯನ್ನು ಮೇ ತಿಂಗಳಲ್ಲೇ ರವೆಯಂತೆ ತರಿಯಾಗಿ ಪುಡಿ ಮಾಡಿಟ್ಟು, ಹುಣಸೆ ರಸ, ಬೆಲ್ಲ, ಸಾರಿನ ಪುಡಿಯನ್ನು ಕುದಿಸಿ ಗಟ್ಟಿ ಗೊಜ್ಜು ಮಾಡಿಟ್ಟುಕೊಂಡರೆ, ಬೇಕಾದಾಗ ಗೊಜ್ಜಿಗೆ ನೀರು ಬೆರೆಸಿ ಪುಡಿ ನೆನೆಸಿದರೆ ಆಯಿತು. ಹುಣಸೆ, ಉಪ್ಪು, ಬೆಲ್ಲ ಮೂರೂ ಕೆಡದಂತೆ ಕಾಯುವ ಪದಾರ್ಥಗಳೇ. ಆದರೂ ನಮ್ಮ ಮಳೆಯಲ್ಲಿ ಮನೆಯ ಗೊಜ್ಜನ್ನು ಎರಡು ವಾರಕ್ಕಿಂತ ಹೆಚ್ಚು ನಂಬುವುದಿಲ್ಲ. ಕಪ್ಪು ಮೋಡ ಕಂಡ ವಾರದಲ್ಲಿ ಹೊಸದಾಗಿ ಕುದಿಸುತ್ತೇನೆ.

ಹುರಿಹಿಟ್ಟನ್ನು ನಾನು ಅವಲಕ್ಕಿಗಿಂತ ಒಂದು ಹೆಜ್ಜೆ ಮೇಲಿಡುತ್ತೇನೆ. ರಾಗಿಯನ್ನು ಅರಳಿಸಿ ಬೀಸಿದ ಹಿಟ್ಟು ಆಗಲೇ ಬೆಂದಿರುತ್ತದೆ. ಒಂದು ಲೋಟ ನೀರು, ಬೆಲ್ಲದ ಚೂರು, ಇದ್ದರೆ ಹಾಲು. ತೂಕ ಕಡಿಮೆ, ಜಾಗ ಕಡಿಮೆ, ಮಗುವಿನಿಂದ ಮುದುಕರವರೆಗೆ ಎಲ್ಲರಿಗೂ ಆಗುತ್ತದೆ, ಸಕ್ಕರೆ ಕಾಯಿಲೆಯವರು ಬೆಲ್ಲ ಬಿಟ್ಟು ಮಜ್ಜಿಗೆಯಲ್ಲಿ ಉಪ್ಪು ಹಾಕಿ ಕಲಸಿಕೊಳ್ಳಬಹುದು. ಕೈಯಲ್ಲಿ ಹಿಡಿದು ಮನೆ ಬಿಡಬೇಕಾದ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಗಂಟು ನನಗೆ ತಿಳಿದಿಲ್ಲ. ಗಾಳಿಯಾಡದ ಡಬ್ಬದಲ್ಲಿ ಎರಡು ಮೂರು ತಿಂಗಳು ಇರುತ್ತದೆ. ಬೆಲ್ಲವನ್ನು ಮೊದಲೇ ಬೆರೆಸಿಡಬೇಡಿ. ಬೆಲ್ಲ ತೇವ ಎಳೆದು ಹಿಟ್ಟು ಗಂಟಾಗುತ್ತದೆ.

ಖಡಕ್ ರೊಟ್ಟಿಯನ್ನು ಅರ್ಥ ಮಾಡಿಕೊಳ್ಳಲು ಬಾಗಲಕೋಟೆಯ ಗೆಳತಿಯ ಮನೆಗೆ ಹೋಗಬೇಕಾಯಿತು. ಜೋಳದ ರೊಟ್ಟಿಯನ್ನು ತೆಳ್ಳಗೆ ತಟ್ಟಿ, ಬೇಯಿಸಿ, ತೇವವೆಲ್ಲ ಹೋಗುವಂತೆ ಒಣಗಿಸಿ ನೂರರ ಲೆಕ್ಕದಲ್ಲಿ ಅಡಕಿ ಇಡುತ್ತಾರೆ. ಜೊತೆಗೆ ಶೇಂಗಾ ಚಟ್ನಿ ಪುಡಿ, ಗುರೆಳ್ಳು ಚಟ್ನಿ ಪುಡಿ, ಅಗಸೆ ಚಟ್ನಿ ಪುಡಿ. ನೀರೂ ಬೇಡ, ಬೆಂಕಿಯೂ ಬೇಡ. ಎಣ್ಣೆಬೀಜದ ಪುಡಿಯಲ್ಲಿ ಶಕ್ತಿಯೂ ಇದೆ, ಪ್ರೋಟೀನೂ ಇದೆ. ನಮ್ಮ ನಾಡಿನಲ್ಲಿ ನೆರೆ ಬಂದಾಗಲೆಲ್ಲ ಉತ್ತರ ಕರ್ನಾಟಕದ ಊರುಗಳಿಂದ ರೊಟ್ಟಿಯ ಗಂಟುಗಳು ಹೊರಡುವುದು ಈ ಕಾರಣಕ್ಕೇ. ಗೆಳತಿಯ ಅತ್ತೆ ಆ ರಾತ್ರಿ ಮನೆಯಿಂದ ಹೊತ್ತು ತಂದದ್ದು ಒಂದು ಬಟ್ಟೆಯ ಗಂಟಿನಷ್ಟು ರೊಟ್ಟಿ ಮತ್ತು ಒಂದು ಡಬ್ಬ ಪುಡಿ. ಶಾಲೆಯಲ್ಲಿ ಗಂಜಿ ಕೇಂದ್ರ ತೆರೆಯುವವರೆಗೆ ಏಳು ಜನ ಅದನ್ನೇ ತಿಂದರಂತೆ.

ಆದರೆ ಇದನ್ನು ಕಂಡು ಆಸೆಪಟ್ಟು ನಾನು ಐವತ್ತು ರೊಟ್ಟಿ ಮಲೆನಾಡಿಗೆ ತಂದೆ. ಜುಲೈ ಎರಡನೆಯ ವಾರಕ್ಕೆ ಮೆತ್ತಗಾಗಿ ಬೂಸಲು ಹಿಡಿಯಿತು. ಖಡಕ್ ರೊಟ್ಟಿ ಒಣ ಗಾಳಿಯ ಕೂಸು. ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯ ಪಕ್ಕದಲ್ಲಿ ಅದನ್ನು ಬಟ್ಟೆಯಲ್ಲಿ ಕಟ್ಟಿಡುವುದು ತಪ್ಪು. ಚಟ್ನಿ ಪುಡಿಗಳನ್ನು ಮಾತ್ರ ಗಾಜಿನ ಭರಣಿಯಲ್ಲಿ ಇಟ್ಟುಕೊಂಡಿದ್ದೇನೆ, ಅವು ನಮ್ಮ ಗಂಜಿಗೂ ಚೆನ್ನಾಗಿ ಹೊಂದುತ್ತವೆ.

ಅಂಗಡಿಯ ಪೊಟ್ಟಣಗಳು

ಬಿಸಿ ಮಾಡಿ ತಿನ್ನುವ ಸಿದ್ಧ ಅಡುಗೆಯ ಪೊಟ್ಟಣಗಳ ಬಗ್ಗೆ ಹಳ್ಳಿಯಲ್ಲಿ ತಾತ್ಸಾರವಿದೆ, ನಗರದಲ್ಲಿ ಅತಿ ನಂಬಿಕೆಯಿದೆ. ಪೊಟ್ಟಣದೊಳಗೇ ಅಡುಗೆಯನ್ನು ಒತ್ತಡದ ಉಷ್ಣದಲ್ಲಿ ಕಾಯಿಸಿ ಕ್ರಿಮಿಗಳನ್ನು ಕೊಲ್ಲುವ ಈ ವಿಧಾನವನ್ನು ನಮ್ಮಲ್ಲಿ ಬೆಳೆಸಿದ್ದರಲ್ಲಿ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ಪಾಲು ದೊಡ್ಡದು. ಸೈನಿಕರಿಗಾಗಿ ನಡೆದ ಕೆಲಸ ಆಮೇಲೆ ಅಂಗಡಿಗೆ ಬಂತು. ಮೈಸೂರಿನದೇ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ನೆರೆಪೀಡಿತ ಪ್ರದೇಶಗಳಿಗೆ ಸಿದ್ಧ ಆಹಾರ ತಯಾರಿಸಿ ಕಳುಹಿಸಿದ್ದುಂಟು. ಹಾಗಾಗಿ ಇದು ಸುಳ್ಳು ಆಹಾರವೇನೂ ಅಲ್ಲ. ಆಗಲೇ ಬೆಂದಿರುವುದರಿಂದ ಬಿಸಿ ಮಾಡದೆಯೂ ತಿನ್ನಬಹುದು, ಪಾತ್ರೆ ತೊಳೆಯುವ ನೀರೂ ಉಳಿಯುತ್ತದೆ. ಏಳನೆಯ ಮಹಡಿಯಲ್ಲಿ ನಲ್ಲಿ ಒಣಗಿದಾಗ ಪಾತ್ರೆ ತೊಳೆಯದೆ ಇರುವುದು ಎಷ್ಟು ದೊಡ್ಡ ಉಪಕಾರ ಎಂದು ತಂಗಿ ಹೇಳಿದ ಮೇಲೆಯೇ ನನಗೆ ಹೊಳೆದದ್ದು.

ಕೊರತೆಗಳೂ ಇವೆ. ಬೆಲೆ ಹೆಚ್ಚು, ಉಪ್ಪು ಹೆಚ್ಚು, ಒಂದು ಪೊಟ್ಟಣ ಒಬ್ಬ ದೊಡ್ಡವರ ಹೊಟ್ಟೆಗೆ ಸಾಲದು. ರಕ್ತದೊತ್ತಡದವರಿಗೆ ವಾರಗಟ್ಟಲೆ ಅದನ್ನೇ ಕೊಡಲಾಗದು. ಮೂರು ದಿನಕ್ಕೆ ಒಳ್ಳೆಯದು, ಹದಿನೈದು ದಿನಕ್ಕೆ ಅಲ್ಲ. ಉಬ್ಬಿದ ಪೊಟ್ಟಣವನ್ನಾಗಲಿ ಡಬ್ಬಿಯನ್ನಾಗಲಿ ರುಚಿ ನೋಡಲೂ ಹೋಗಬೇಡಿ, ಎಸೆಯಿರಿ.

ನೂಡಲ್ಸ್, ಬಿಸ್ಕತ್ತು ಮಕ್ಕಳ ಮನಸ್ಸಿಗೆ ಬೇಕು. ಭಯದ ದಿನಗಳಲ್ಲಿ ಗುರುತಿನ ರುಚಿಗೂ ಒಂದು ಬೆಲೆಯಿದೆ. ಅದಕ್ಕಿಂತ ಹೆಚ್ಚು ಅವುಗಳಿಂದ ನಿರೀಕ್ಷಿಸುವುದಿಲ್ಲ.

ಹಾಲಿಗೆ ಎರಡು ದಾರಿ: ಹಾಲಿನ ಪುಡಿ, ಅಥವಾ ನಂದಿನಿ ಗುಡ್‌ಲೈಫ್‌ನಂಥ ಫ್ರಿಜ್ಜಿಲ್ಲದೆ ಉಳಿಯುವ ಪೆಟ್ಟಿಗೆಯ ಹಾಲು. ಶುದ್ಧ ನೀರು ಕಡಿಮೆಯಿರುವ ಮನೆಗೆ ಪೆಟ್ಟಿಗೆಯ ಹಾಲು, ಜಾಗ ಕಡಿಮೆಯಿರುವ ಮನೆಗೆ ಪುಡಿ. ಪೆಟ್ಟಿಗೆ ಸಣ್ಣದನ್ನೇ ಕೊಳ್ಳಿ, ತೆರೆದ ಮೇಲೆ ಅದೂ ಮಾಮೂಲಿ ಹಾಲೇ. ಎದೆಹಾಲು ಕುಡಿಯುವ ಕೂಸಿದ್ದರೆ ಎಷ್ಟೇ ಗಡಿಬಿಡಿಯಾದರೂ ಎದೆಹಾಲು ನಿಲ್ಲಿಸಿ ಬಾಟಲಿ ಹಾಲು ಶುರುಮಾಡಬೇಡಿ. ತಾಯಿಗೆ ಮೊದಲು ಊಟ, ನೀರು ಕೊಡಿ.

ಫ್ರಿಜ್ಜನ್ನು ಉಗ್ರಾಣವೆಂದು ಎಣಿಸಬೇಡಿ. ಕರೆಂಟು ಹೋದ ಮೇಲೆ ಬಾಗಿಲು ತೆರೆಯದಿದ್ದರೆ ಕೆಳಗಿನ ಭಾಗ ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತದೆ, ತುಂಬಿದ ಫ್ರೀಜರ್ 48 ಗಂಟೆ. ಕೆಡುವುದನ್ನು ಮೊದಲ ದಿನವೇ ಅಡುಗೆ ಮಾಡಿ ಮುಗಿಸಿ, ಉಗ್ರಾಣಕ್ಕೆ ಆಮೇಲೆ ಕೈಹಾಕಿ.

ಡಬ್ಬ, ತೇವ, ಹುಳ

ಗೋಣಿಚೀಲ ಉಸಿರಾಡುತ್ತದೆ, ಅದರ ಗುಣವೂ ಅದೇ, ದೋಷವೂ ಅದೇ. ಒಣನಾಡಿನಲ್ಲಿ ಸರಿ; ನಮ್ಮಲ್ಲಿ ಜೂನ್ ದಾಟಿದರೆ ಅಕ್ಕಿ ಮುಗ್ಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬ ಇಲಿಗೂ ಜಗ್ಗುವುದಿಲ್ಲ, ಬೆಲೆ ಮಾತ್ರ ಹೆಚ್ಚು. ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಡ್ರಮ್ಮು ತೇವ ತಡೆಯುತ್ತದೆ, ಇಲಿ ಕೊರೆಯಬಲ್ಲದು. ಬಣ್ಣದ, ರಾಸಾಯನಿಕದ ಹಳೆಯ ಡ್ರಮ್ಮುಗಳನ್ನು ಎಷ್ಟು ತೊಳೆದರೂ ಬಳಸಬೇಡಿ. ಸಣ್ಣ ಮನೆಯವರಿಗೆ ನಾನು ಹೇಳುವುದು ಖಾಲಿಯಾದ ಎರಡು ಲೀಟರಿನ ತಂಪು ಪಾನೀಯದ ಬಾಟಲಿ. ತೊಳೆದು, ತಲೆಕೆಳಗಾಗಿಟ್ಟು ಪೂರ್ತಿ ಒಣಗಿಸಿ, ಬೇಳೆ ತುಂಬಿ ಮುಚ್ಚಳ ತಿರುಗಿಸಿದರೆ ಗಾಳಿ ಸುಳಿಯದು. ಒಂದರಲ್ಲಿ ಹುಳವಾದರೂ ಉಳಿದವು ಸುರಕ್ಷಿತ.

ತುಂಬುವ ಮೊದಲು ಎಲ್ಲವನ್ನೂ ಏಪ್ರಿಲ್, ಮೇ ಬಿಸಿಲಿಗೆ ಹರವಿ, ಆರಿದ ಮೇಲೆ ತುಂಬಿ. ಬಿಸಿಯಿರುವಾಗ ತುಂಬಿದರೆ ಮುಚ್ಚಳದೊಳಗೆ ಬೆವರುತ್ತದೆ. ರವೆಯನ್ನು ಹುರಿದಿಡಿ. ಬಿಸಿಲಿಲ್ಲದ ಅಪಾರ್ಟ್‌ಮೆಂಟಿನವರು ರವೆ, ಹಿಟ್ಟನ್ನು ನಾಲ್ಕು ದಿನ ಫ್ರೀಜರಿನಲ್ಲಿಟ್ಟು, ಹೊರತೆಗೆದು ಪೊಟ್ಟಣ ತೆರೆಯದೆಯೇ ಮಾಮೂಲಿ ಬಿಸಿಗೆ ಬರಲು ಬಿಟ್ಟು, ಆಮೇಲೆ ಡಬ್ಬಕ್ಕೆ ಸುರಿಯಬಹುದು. ಹುಳದ ಮೊಟ್ಟೆಗಳು ಸಾಯುತ್ತವೆ. ಬೇವಿನ ಸೊಪ್ಪು, ಒಣಮೆಣಸು, ತೊಗರಿಗೆ ಹರಳೆಣ್ಣೆ ಸವರುವುದು ಇವೆಲ್ಲ ಸ್ವಲ್ಪ ನೆರವಾಗುತ್ತವೆ, ಆದರೆ ತೇವವಿರುವ ಕಾಳನ್ನು ಯಾವ ಸೊಪ್ಪೂ ಉಳಿಸಲಾರದು. ಧಾನ್ಯಕ್ಕೆ ಹಾಕುವ ಮಾತ್ರೆ, ಅಂದರೆ ಅಲ್ಯೂಮಿನಿಯಂ ಫಾಸ್ಫೈಡ್, ಮನೆಯೊಳಗೆ ಎಂದಿಗೂ ಬೇಡ. ಅದು ಬಿಡುವ ಅನಿಲ ಮುಚ್ಚಿದ ಕೋಣೆಯಲ್ಲಿ ಮಲಗಿದವರನ್ನೂ ಕೊಲ್ಲುತ್ತದೆ.

ಬೆಂಕಿ ಮತ್ತು ನೀರು

ಇಂಡಕ್ಷನ್ ಒಲೆಯನ್ನು ಆಪತ್ಕಾಲದ ಲೆಕ್ಕಕ್ಕೆ ಹಿಡಿಯಲಾಗದು. 14.2 ಕಿಲೋದ ಸಿಲಿಂಡರ್ ಎರಡಿದ್ದು, ಒಂದು ಸದಾ ತುಂಬಿರಬೇಕು. ಜಾಗ ಇಲ್ಲದವರಿಗೆ 5 ಕಿಲೋದ ಸಣ್ಣ ಸಿಲಿಂಡರ್ ಸಿಗುತ್ತದೆ. ಸೌದೆ ಒಲೆಯವರು ಮೇ ಮುಗಿಯುವ ಮೊದಲು ಕೊಟ್ಟಿಗೆಯ ಅಟ್ಟಕ್ಕೆ ಒಣ ಸೌದೆ ಏರಿಸಿರಬೇಕು, ಬೆಂಕಿಪೆಟ್ಟಿಗೆಯನ್ನು ಅಕ್ಕಿಯೊಂದಿಗೆ ಡಬ್ಬದಲ್ಲಿಡಬೇಕು. ಇದ್ದಿಲಿನ ಒಲೆಯನ್ನು ಬಾಗಿಲು ಮುಚ್ಚಿದ ಮನೆಯಲ್ಲಿ ಹಚ್ಚಬೇಡಿ. ಅದರ ಹೊಗೆಯಿಲ್ಲದ ವಿಷಗಾಳಿ ಮೂಗಿಗೆ ತಿಳಿಯುವುದಿಲ್ಲ.

ನೀರನ್ನು ಒಬ್ಬರಿಗೆ ದಿನಕ್ಕೆ ಐದು ಲೀಟರ್ ಎಂದು ಹಿಡಿಯಿರಿ, ಕುಡಿಯಲು ಮತ್ತು ಅಡುಗೆಗೆ. ನಾಲ್ವರಿಗೆ ಮೂರು ದಿನಕ್ಕೆ 60 ಲೀಟರ್, ಅಂದರೆ 20 ಲೀಟರಿನ ಮೂರು ಕ್ಯಾನು. ತಂಗಿಗೆ ಅಕ್ಕಿಗಿಂತ ಮೊದಲು ಇದನ್ನು ಇಡು ಎಂದಿದ್ದೇನೆ. ನಮ್ಮ ಕಡೆಯವರಿಗೆ ನೀರಿಗೆ ಕೊರತೆಯಿಲ್ಲ, ಶುದ್ಧಿಗೆ ಕೊರತೆ. ಕೆಂಪು ನೀರನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಕುಡಿಯಿರಿ. ಭೇದಿ ಶುರುವಾದರೆ ಇಂಥ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಹಾಕಿ ಕದಡಿ ಗುಟುಕು ಗುಟುಕಾಗಿ ಕೊಡಿ.

ಮೂರು ಮನೆಗೆ ಮೂರು ಆಯ್ಕೆ

ನಮ್ಮ ಮಲೆನಾಡಿನ ಮನೆಗೆ ಕುಚ್ಚಲಕ್ಕಿ, ಹೆಸರು, ಬೆಲ್ಲ, ಬೀಜ ಹದಿನೈದು ದಿನಕ್ಕೆ. ಅದರ ಮೇಲೆ ಬೆಂಕಿ ಬೇಡದ ಅವಲಕ್ಕಿ, ಹುರಿಹಿಟ್ಟು ಐದು ದಿನಕ್ಕೆ. ಪಕ್ಕಕ್ಕೆ ಜಾಡಿಯ ಅಪ್ಪೆಮಿಡಿ, ಮುರುಗಲು ಸಿಪ್ಪೆ, ಉಪ್ಪುನೀರಿನ ಹಲಸಿನ ತೊಳೆ, ಬಾಳೆಪಟ್ಟೆಯಲ್ಲಿ ಜಂತಿಗೆ ಕಟ್ಟಿದ ಮಗೆಕಾಯಿ. ಹಪ್ಪಳ ಎಣಿಕೆಗೆ ಬೇಡ, ಅದು ಎಣ್ಣೆ ಕೇಳುತ್ತದೆ. ಕೆಂಡದ ಮೇಲೆ ಸುಟ್ಟರೆ ಆಯಿತು. ದನಕರು ಇದ್ದವರು ಹುಲ್ಲು, ಹಿಂಡಿಯ ಲೆಕ್ಕವನ್ನೂ ಇದೇ ವಾರ ಹಾಕಿ, ಅವೂ ನಮ್ಮ ಮನೆಯವೇ.

ತಂಗಿಯ ಮನೆಗೆ 60 ಲೀಟರ್ ನೀರು, ಮೂರು ದಿನಕ್ಕೆ ಸಿದ್ಧ ಪೊಟ್ಟಣ, ತೆಳು ಅವಲಕ್ಕಿ, ಪೆಟ್ಟಿಗೆಯ ಹಾಲು, ಆಮೇಲಿನ ಒಂದು ವಾರಕ್ಕೆ ಬೆಳ್ತಿಗೆ ಅಕ್ಕಿ ಮತ್ತು ಹೆಸರು ಬೇಳೆ.

ಹೊಳೆದಂಡೆಯವರಿಗೆ ಒಂದೇ ಚೀಲ, ಮನೆಯ ಚಿಕ್ಕವರೂ ಹೊರಬಲ್ಲಷ್ಟು ತೂಕದ್ದು: ಎರಡು ಕಿಲೋ ಹುರಿಹಿಟ್ಟು, ರೊಟ್ಟಿ, ಚಟ್ನಿ ಪುಡಿ, ಹುರಿಗಡಲೆ, ಬೆಲ್ಲ, ನಾಲ್ಕು ಬಾಟಲಿ ನೀರು, ಔಷಧಿ, ಒಂದು ಲೋಟ. ಅದು ಅಟ್ಟದ ಮೇಲಲ್ಲ, ಬಾಗಿಲ ಹಿಂದಿನ ಗೂಟದಲ್ಲಿರಬೇಕು. ಉಳಿದ ಧಾನ್ಯವನ್ನು ಎತ್ತರದಲ್ಲಿ, ಬಿಗಿ ಮುಚ್ಚಳದಲ್ಲಿ ಇಡಲಿ.

ಇಷ್ಟನ್ನೂ ಮುನ್ಸೂಚನೆ ಬಂದ ಸಂಜೆ ಅಂಗಡಿಗೆ ಓಡಿ ತರಬೇಡಿ. ಅಂದು ನೀವು ಎರಡು ಚೀಲ ಹೊತ್ತರೆ ದಿನಗೂಲಿಯ ಮನೆಯವರಿಗೆ ಒಂದು ಸೇರೂ ಉಳಿಯುವುದಿಲ್ಲ. ಮಾರ್ಚಿನಿಂದ ತಿಂಗಳಿಗೆ ಸ್ವಲ್ಪ ಸ್ವಲ್ಪ ಕೂಡಿಸಿ. ಡಬ್ಬದ ಮೇಲೆ ತುಂಬಿದ ತಿಂಗಳು ಬರೆದಂಟಿಸಿ, ಹಳೆಯದನ್ನು ಮೊದಲು ಬಳಸಿ, ಹೊಸದನ್ನು ಹಿಂದಕ್ಕೆ ಸೇರಿಸಿ.

ಮೇ ಕೊನೆಯ ಒಂದು ಭಾನುವಾರ ನಾವು ಮನೆಯ ಮೇನ್ ಸ್ವಿಚ್ಚು ತೆಗೆದು, ಗ್ಯಾಸ್ ಮುಚ್ಚಿ, ಇಡೀ ದಿನ ಉಗ್ರಾಣದಿಂದಲೇ ಉಣ್ಣುತ್ತೇವೆ. ಮೊದಲ ವರ್ಷ ತುರಿಯುವ ಈಳಿಗೆಮಣೆಯ ಹಲ್ಲು ಮುರಿದಿದ್ದು ಗೊತ್ತಾಯಿತು. ಎರಡನೆಯ ವರ್ಷ ಮಗ ನೀರಿನಲ್ಲಿ ಕಲಸಿದ ಹುರಿಹಿಟ್ಟನ್ನು ಒಂದು ತುತ್ತಿಗೆ ಬಿಟ್ಟ; ಅದೇ ಹಿಟ್ಟಿಗೆ ಹಾಲಿನ ಪುಡಿ ಬೆರೆಸಿ ಉಂಡೆ ಕಟ್ಟಿಕೊಟ್ಟರೆ ನಾಲ್ಕು ತಿಂದ. ಈಗ ಹುರಿಹಿಟ್ಟಿನ ಡಬ್ಬದ ಪಕ್ಕದಲ್ಲಿ ಹಾಲಿನ ಪುಡಿಯ ಪೊಟ್ಟಣವೂ ಇದೆ. ಒರಳಿನ ಗುಂಡು ಕೊಟ್ಟಿಗೆಯ ಹಿಂದೆ ಸಿಕ್ಕಿತು, ಒರಳು ಒಳಗೆ ಬಂದಿದೆ.